ತೊಳೆದ ಹಲಗೆಗಳು

ಚೌತಿಗೆ ಎಂಟು ದಿನ ಇರುವಾಗ ಕುಮಟೆಯ ನಮ್ಮ ಮನೆಗೆ ಎರಡು ರಟ್ಟಿನ ಪೆಟ್ಟಿಗೆ ಬಂದವು. ಒಳಗಿದ್ದದ್ದು ಗಣಪತಿಯನ್ನು ಕೂರಿಸಲು ಒಂದು ಗಿಡ್ಡ ಕಪಾಟು, ಬಿಡಿಬಿಡಿ ಹಲಗೆಗಳಾಗಿ. ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಮಗಳು ಫೋನಿನಲ್ಲೇ ಆರಿಸಿ ತರಿಸಿದ್ದಳು. ನಮ್ಮ ಹಳೆಯ ಹಲಸಿನ ಮೇಜಿನ ಕಾಲುಗಳನ್ನು ಆ ಮಳೆಗಾಲದಲ್ಲಿ ಒರಲೆ ತಿಂದು ಮುಗಿಸಿತ್ತು. ಚೌತಿಗೆ ಎರವಲು ಮೇಜು ಸಿಗುವುದಿಲ್ಲ, ಎಲ್ಲರ ಮನೆಯಲ್ಲೂ ಗಣಪತಿ ಇರುತ್ತಾನೆ. "ಈ ಸರ್ತಿ ಗಣಪ ನನ್ ಕಪಾಟಿನ ಮೇಲೆ ಕೂರೂದು" ಎಂದು ಮಗಳು ಅಂಗಡಿಯಲ್ಲೆಲ್ಲ ಹೇಳಿಕೊಂಡಿದ್ದಳಂತೆ. ನನಗೆ ಹೇಳಿದ್ದು ಒಂದೇ ಮಾತು: "ಅಮ್ಮಾ, ನಾ ಆಯ್ತವಾರ ಬಂದು ಜೋಡಿಸ್ತೆ. ಅಲ್ಲೀವರೆಗೆ ಬಿಚ್ಚೂಕ್ ಹೋಗ್ಬೇಡ."

ನಾನು ಬಿಚ್ಚಿದೆ.

ನೋಡಲು ಚೆಂದವೇ ಇತ್ತು. ಸಾಗವಾನಿಯ ಬಣ್ಣ, ಸಾಗವಾನಿಯ ಗೆರೆ, ಕೈಯಾಡಿಸಿದರೆ ಗಾಜಿನಂಥ ನುಣುಪು. ಮೂರು ಹಲಗೆಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಥರದ ಗಂಟು ಕಂಡಿತು. ಮರ ಹೀಗೆ ಬೆಳೆಯುವುದುಂಟೇ ಎಂಬ ಅನುಮಾನ ಆಗಲೇ ಬರಬೇಕಿತ್ತು. ಬರಲಿಲ್ಲ. ನನ್ನ ಮೂಗಿಗೆ ಹತ್ತಿದ್ದು ಅಂಟಿನ ಘಾಟು ಮಾತ್ರ. ಯಾವ ಕಾರ್ಖಾನೆಯೋ, ಯಾರು ಮುಟ್ಟಿದ್ದೋ, ಯಾವ ಲಾರಿಯಲ್ಲಿ ಏನೇನರ ಜೊತೆ ಬಂದದ್ದೋ.

ಹೊನ್ನಾವರದ ಹತ್ತಿರ ನನ್ನ ತವರಿನಲ್ಲಿ ಮರಕ್ಕೆ ಮೊದಲ ಸಂಸ್ಕಾರವೇ ನೀರು. ದಿಮ್ಮಿಯನ್ನು ಸೀಳುವ ಮೊದಲು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು. ನೀರು ಕುಡಿದ ಮರಕ್ಕೆ ಹುಳ ಹಿಡಿಯುವುದಿಲ್ಲ ಎನ್ನುತ್ತಿದ್ದರು. ಹೊಸ ಮಣೆಯನ್ನು ಸೀಗೆಪುಡಿ ಹಾಕಿ ತಿಕ್ಕಿ, ತೊಳೆದು, ಒಣಗಿಸಿದ ಮೇಲೆಯೇ ದೇವರ ಮುಂದೆ ಇಡುವುದು. ನಾನೂ ಹಾಗೇ ಮಾಡಿದೆ. ಬಾವಿಕಟ್ಟೆಯ ಹತ್ತಿರ ಒಂದೊಂದೇ ಹಲಗೆಗೆ ಕೊಡ ಕೊಡ ನೀರು ಹೊಯ್ದು ತಿಕ್ಕಿದೆ. ಕೊನೆಗೆ ಅರಿಶಿನದ ನೀರನ್ನೂ ಚಿಮುಕಿಸಿ ಗೋಡೆಗೆ ಒರಗಿಸಿಟ್ಟೆ. ಮಧ್ಯಾಹ್ನ ಒಂದು ಮಳೆ ಬಂತು. ಕಲ್ಲು ಹಾಸಿನ ಮೇಲೆ ನಿಂತ ನೀರಿನಲ್ಲಿ ಹಲಗೆಗಳ ಬುಡ ಎಷ್ಟು ಹೊತ್ತು ನಿಂತಿತ್ತೋ, ಒಳಗೆ ತರುವಷ್ಟರಲ್ಲಿ ಸಂಜೆಯಾಗಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಅಂಚುಗಳು ಉಬ್ಬಿದ್ದವು. ಅಂಚಿಗೆ ಅಂಟಿಸಿದ್ದ ತೆಳು ಪಟ್ಟಿ ಬಾಳೆಸಿಪ್ಪೆಯ ಹಾಗೆ ಬಿಟ್ಟುಕೊಂಡಿತ್ತು. ಹೆಬ್ಬೆರಳಿಟ್ಟು ಒತ್ತಿದರೆ ಒಳಗೆ ಹೋಯಿತು. ಹಳೆಯ ಸೀರೆಯೊಂದನ್ನು ಮುಚ್ಚಿ, ನಮ್ಮವರು ಕೇಳಿದ್ದಕ್ಕೆ "ಧೂಳು ಬೀಳ್ತದೆ" ಎಂದೆ. ಮಗಳು ಫೋನಿನಲ್ಲಿ, "ಪೆಟ್ಟಿಗೆ ಬಂತಾ?" ಎಂದಳು. "ಬಂತು" ಎಂದೆ. ಸುಳ್ಳಲ್ಲ, ಆದರೂ ಆವತ್ತು ದೇವರಿಗೆ ದೀಪ ಹಚ್ಚುವಾಗ ಕಣ್ಣೆತ್ತಿ ನೋಡಲಾಗಲಿಲ್ಲ.

ಮಗಳು ತರಿಸಿದ ಕಪಾಟು ಎಂದು ಹೇಳಿ, ಕೇರಿಯ ಆಚೆ ತುದಿಯ ಬಡಗಿ ಆಚಾರಿಯನ್ನು ಕರೆತಂದೆ. ವಯಸ್ಸಾದವರು, ಮಾತು ಮಾತ್ರ ಉಳಿಯಷ್ಟೇ ಹರಿತ. ಸೀರೆ ಸರಿಸಿ ನೋಡಿದರು.

"ಎಂತ ಮಾಡ್ದೆ ಬಾಯೀ ಇದ್ಕೆ?"

"ತೊಳೆದೆ."

"ಅವಲಕ್ಕಿ ತೊಳೆದಂಗೆ ತೊಳೆದ್ರೆ ಉಬ್ಬದೇ ಇರ್ತದ್ಯಾ? ಇದು ಮರ ಅಲ್ಲ. ಮರದ ಪುಡಿಗೆ ಅಂಟು ಕಲಸಿ ಒತ್ತಿದ್ದು."

"ಮೇಲೆ ಸಾಗವಾನಿ ಉಂಟಲ್ಲ?"

"ಅದು ಸಾಗವಾನಿ ಅಲ್ಲ, ಸಾಗವಾನಿಯ ಫೋಟೋ! ಕಾಗದದ ಮೇಲೆ ಅಚ್ಚು ಹಾಕಿ ಮೆತ್ತಿದ್ದು. ಕಡಿಮೆ ದುಡ್ಡಿನ ಸಾಮಾನು ಈಗ ಎಲ್ಲಾ ಇದೇಯ. ಮನುಷ್ಯರು ಪೌಡರ್ ಹಚ್ಚೂದಿಲ್ವಾ, ಹಂಗೆ."

ನನಗೆ ನಗು ಬರಲಿಲ್ಲ. ಗಣಪತಿಯನ್ನು ಮಾಡಿಕೊಡಲು ನಮ್ಮವರು ಆಗಲೇ ಹೇಳಿಟ್ಟಿದ್ದರು. ಹಸಿ ಮಣ್ಣಿನ ಮೂರ್ತಿ, ಇಬ್ಬರು ಎತ್ತಬೇಕಾದಷ್ಟು ಭಾರ. ಪೂಜೆಯ ನಡುವೆ ಹಲಗೆ ಕುಸಿದು ಮೂರ್ತಿ ಭಿನ್ನವಾದರೆ? ನಾನು ಕೇಳಿದ್ದು ಅದೊಂದನ್ನೇ: "ಭಾರ ತಡೀತದ್ಯಾ?"

ಅವರು ಮೇಲಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. "ನಡು ಗಟ್ಟಿ ಉಂಟು. ಆದ್ರೆ ಈ ತುದೀಲಿ ತಿರುಪಿನ ತೂತು ಮೆತ್ತಗಾಯ್ತು. ಮಗಳ ಕೂಡೆ ಹೇಳು ಮೊದ್ಲು. ಮತ್ತೆ ನಾ ಬತ್ತೆ."

ಭಾನುವಾರ ಮಗಳು ಬಂದಳು. ಚೀಲ ಇಳಿಸುವ ಮೊದಲೇ ಹಲಗೆಗಳ ಮೇಲಿನ ಸೀರೆ ಎಳೆದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಸೆರಗಿನ ತುದಿ ಕೈಯಲ್ಲಿ. ಅವಳು ಉಬ್ಬಿದ ಅಂಚನ್ನು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

"ತೊಳೆದ್ಯಾ?"

"ಹೂಂ."

"ಸೋಪು ಹಾಕಿ?"

"ಸೀಗೆಪುಡಿ."

ಅವಳು ಬೆನ್ನು ತಿರುಗಿಸಿ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದಳು. ಅದರಲ್ಲಿ ಇಂಗ್ಲಿಷಿನಲ್ಲಿತ್ತು, ಒಣಬಟ್ಟೆಯಲ್ಲಿ ಮಾತ್ರ ಒರೆಸಬೇಕು ಎಂದು. "ನಿಂಗೆ ಇದು ಓದೂಕ್ ಬರೂದಿಲ್ಲ ಅಂತ ಗೊತ್ತಿತ್ತು. ನಾನೇ ಫೋನಲ್ಲಿ ಹೇಳ್ಬೇಕಿತ್ತು" ಎಂದಳು. ಆ ಮಾತನ್ನು ದೇವರೇ ಆಡಿಸಿದ್ದು ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಅವಳ ಮುಖ ಅರಳಲಿಲ್ಲ.

ಆಚಾರಿ ಬಂದು ಮೆತ್ತಗಾದ ತೂತುಗಳಿಗೆ ಅಂಟು ತುಂಬಿದರು, ಮೂಲೆಗಳಿಗೆ ಕಬ್ಬಿಣದ ಪಟ್ಟಿ ಕೊಟ್ಟರು. ಬಾಗಿಲಿನ ತಿರುಪು ನಿಲ್ಲಲೇ ಇಲ್ಲ. ಬಾಗಿಲು ಬಿಟ್ಟು, ಮುಂದಕ್ಕೆ ಕೆಂಪು ಬಟ್ಟೆಯ ಪರದೆ ಇಳಿಬಿಟ್ಟೆವು.

"ಇವತ್ತಿಗೆ ಹಿಡಿದದೆ. ಮುಂದಿನದು ದೇವ್ರಿಗೆ ಬಿಟ್ಟದ್ದು" ಎಂದರು ಆಚಾರಿ.

"ಮೇಲೆ ಕೂರೂದೇ ದೇವ್ರಲ್ಲ?" ಎಂದಳು ಮಗಳು.

"ಹಂಗಾದ್ರೆ ಮತ್ತೆಂತ, ಅವ್ನೇ ನೋಡ್ಕಳ್ಲಿ."

ಎರಡು ದಿನ ಅಕ್ಕಿಯ ಚೀಲ ಹೇರಿ ಪರೀಕ್ಷೆ ಮಾಡಿದೆವು. ತುದಿಯಿಂದ ತುದಿಗೆ ದಾರ ಎಳೆದು ಹಿಡಿದರೆ ನಡುವೆ ಒಂದು ಹೆಸರುಕಾಳು ತೂರುವಷ್ಟು ಬಾಗಿತ್ತು. ಎರಡನೆಯ ದಿನವೂ ಅಷ್ಟೇ. ಅಷ್ಟಕ್ಕೇ ಕೈಮುಗಿದೆ.

ಚೌತಿಯ ದಿನ ಗಣಪತಿ ಬಂದ, ಕೂತ. ಆರತಿಯ ಹೊತ್ತಿಗೆ ಎಲ್ಲರೂ ಅವನ ಮುಖ ನೋಡುತ್ತಿದ್ದರೆ ನನ್ನ ಕಣ್ಣು ಹಲಗೆಯ ತುದಿಯಲ್ಲಿತ್ತು. ಪ್ರತಿವರ್ಷ ನಾನು ಕೇಳುವುದು ಉದ್ದದ ಪಟ್ಟಿ. ಆವತ್ತು ಒಂದೇ: ಅಪ್ಪಾ, ಕೂತಲ್ಲಿ ಕೂತಿರು. ಪಂಚಕಜ್ಜಾಯ ಹಂಚುವಾಗಲೂ, ಬಂದವರಿಗೆ ಚಾ ಕೊಡುವಾಗಲೂ ಒಳಗೆ ಹೊರಗೆ ಹೋಗುತ್ತಾ ಒಂದು ಕಣ್ಣು ಅಲ್ಲೇ. ಯಾರೋ ಹೆಂಗಸರು, "ಸಾಗವಾನಿದಾ? ಭಾರೀ ಚಂದ ಉಂಟು" ಎಂದರು. ಮಗಳು ನನ್ನ ಕಡೆ ನೋಡದೆ "ಹೌದು" ಎಂದಳು.

ಸಂಜೆಯೇ ನೀರಿಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಅದಕ್ಕೂ ಮೊದಲು ಇನ್ನೊಮ್ಮೆ ಮಂಗಳಾರತಿ ಎತ್ತಿ, ಮಂತ್ರ ಹೇಳಿ ಮೂರ್ತಿಯನ್ನು ಕೂತ ಜಾಗದಿಂದ ಸ್ವಲ್ಪ ಅಲುಗಿಸಬೇಕು. ನಮ್ಮವರು ಎರಡೂ ಕೈಯಿಂದ ಪೀಠ ಹಿಡಿದರು. ಹಲಗೆ ಕಿರ್ ಎಂದಿತು. ನಾನು ತಟ್ಟನೆ ಮಂಡಿಯೂರಿ, ನಮಸ್ಕಾರ ಮಾಡುವವಳ ಹಾಗೆ ಬಗ್ಗಿ, ಕೆಂಪು ಪರದೆಯೊಳಗೆ ಕೈ ತೂರಿಸಿ ಆ ತುದಿಯನ್ನು ಕೆಳಗಿನಿಂದ ಎತ್ತಿ ಹಿಡಿದೆ.

ಅಲ್ಲಿ ಆಗಲೇ ಒಂದು ಕೈ ಇತ್ತು. ಬಳೆಯ ಸಮೇತ, ಬೆವತು ತಣ್ಣಗಾಗಿತ್ತು. ಮಗಳು ಆಚೆ ಬದಿಯಲ್ಲಿ ಮಂಡಿಯೂರಿದ್ದಳು.

"ನೀ ಯಾವಾಗಿಂದ ಹಿಡ್ಕಂಡಿದ್ದೆ?" ಎಂದೆ, ಮೆಲ್ಲಗೆ.

"ಮಂಗಳಾರತಿಯಿಂದ. ಮಾತಾಡ್ಬೇಡ ಅಮ್ಮಾ, ಎತ್ತು."

ನಮ್ಮವರೂ ಮೈದುನನೂ ಸೇರಿ ಗಣಪತಿಯನ್ನು ಎತ್ತಿಕೊಂಡರು. ಜಯಕಾರದ ನಡುವೆ ಎಲ್ಲರೂ ಹೊರಗೆ ನಡೆದರು. ಹಲಗೆಯ ಮೇಲೆ ಭಾರವೇ ಇಲ್ಲವೆಂದು ಗೊತ್ತಿದ್ದೂ ನಾವಿಬ್ಬರು ಇನ್ನೂ ಸ್ವಲ್ಪ ಹೊತ್ತು ಅದನ್ನು ಬಿಡಲಿಲ್ಲ.