ನಾನು ಬೆಳ್ಳಗೆ ಮಾಡಿದ ಮುಖ

ಅಕ್ಕನ ಎಡಗಾಲಿನ ಹೆಬ್ಬೆರಳು ಚಪ್ಪಟೆಯಾಗಿ, ಅಗಲವಾಗಿತ್ತು. ಚಿಕ್ಕಂದಿನಲ್ಲಿ ಒರಳಿನ ಗುಂಡು ಬಿದ್ದು ಹಾಗಾಗಿದ್ದಂತೆ. “ದೇವ್ರು ಮುಂದಿಂದು ತಿಳ್ದ ಮಾಡ್ಯಾನ ಬಿಡು, ಫೋಟೋ ಹೊಡಿಯಾಕ ಬೇಕಾಗಿತ್ತು” ಎಂದು ನಗುತ್ತಿದ್ದರು. ಸುಳ್ಳಲ್ಲ. ಕ್ಯಾಮೆರಾಕ್ಕೆ ಸಿಕ್ಕಿಸಿದ ಉದ್ದನೆಯ ರಬ್ಬರ್ ಕೊಳವೆಯ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆಯೊಂದಿತ್ತು. ಕ್ಯಾಮೆರಾದ ಮುಂದೆ ತಾವೇ ನಿಂತು, ನೆಲದ ಮೇಲಿಟ್ಟ ಆ ಉಂಡೆಯನ್ನು ಹೆಬ್ಬೆರಳಿನಿಂದ ಅದುಮಿ, ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು.

ಹೊಸಪೇಟೆಯಲ್ಲಿ ಎಲ್ಲರೂ ಅವರನ್ನು ಸ್ಟುಡಿಯೋ ಅಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚದೆ ತಾವೇ ನಡೆಸಿದವರು. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಲೈಸೆನ್ಸ್ ಫೋಟೋಕ್ಕೆ ಡ್ರೈವರುಗಳು ಸಾಲುಗಟ್ಟಿ ಬರುತ್ತಿದ್ದರು. ಅವರ ಕಾಲರಿನ ಕೆಂಪು ಧೂಳನ್ನು ಅಕ್ಕ ಬ್ರಷ್ಷಿನಿಂದ ಕೊಡವಿ ಕೂರಿಸುತ್ತಿದ್ದರು. ನಾನು ಅಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ, ಅಂದರೆ ಫೋಟೋ ತಿದ್ದುವುದಕ್ಕೆ. ಮದುಮಗಳಿರಲಿ, ಮುದುಕನಿರಲಿ, ಮುಖವನ್ನು ಒಂದಿಷ್ಟು ಬೆಳ್ಳಗೆ ಮಾಡಿಯೇ ಕೊಡಬೇಕು. ಇಲ್ಲದಿದ್ದರೆ ಗಿರಾಕಿ ವಾಪಸ್ ತಂದು ಟೇಬಲ್ ಮೇಲೆ ಒಗೆಯುತ್ತಿದ್ದ. ಮೌಸ್ ಹಿಡಿದರೆ ಸಾಕು, ಕಪ್ಪು ತಾನಾಗಿಯೇ ಹೋಗುವಷ್ಟು ನನ್ನ ಕೈ ಪಳಗಿತ್ತು. ಅದರ ಬಗ್ಗೆ ನನಗೆ ಜಂಬ ಬೇರೆ.

ಆಗಸ್ಟ್ ಹದಿನೈದಕ್ಕೆ ಅಕ್ಕ ಸುತ್ತಲಿನ ಶಾಲೆಗಳಿಗೆ ಫೋಟೋ ತೆಗೆಯಲು ಹೋಗುತ್ತಿದ್ದರು. ಪ್ರತಿ ಕಡೆಯೂ ಒಬ್ಬಳು ಭಾರತಮಾತೆ, ಪ್ರತಿ ಕಡೆಯೂ ಆಕೆ ಕ್ಲಾಸಿನಲ್ಲೇ ಬೆಳ್ಳಗಿನ ಹುಡುಗಿ. “ಸಣ್ಣಾಕಿ ಇದ್ದಾಗ ನಾನೂ ಕೇಳಿದ್ದೆ” ಎಂದರು ಒಮ್ಮೆ. “ಮಾಸ್ತರು ನನ್ನ ಕೈಯಾಗ ಕುಡುಗೋಲು ಕೊಟ್ಟು ಹಿಂದ ನಿಲ್ಸಿದ್ರು. ಭಾರತಮಾತೆ ಕರ್ರಗ ಇರಂಗಿಲ್ಲಂತ. ಇಷ್ಟು ದೊಡ್ಡ ದೇಶದಾಗ ಒಬ್ಬಾಕಿ ಕರಿ ತಾಯಿ ಇಲ್ಲೇನ?”

ಅದಕ್ಕೇ ಅವರು ತಾವೇ ವೇಷ ಹಾಕಲು ಶುರು ಮಾಡಿದ್ದು. ಅದಿರಿನ ಬುಟ್ಟಿ ಹೊತ್ತ ಕೂಲಿಯವಳಾಗಿ, ವೋಟಿನ ಶಾಯಿ ಹಚ್ಚಿದ ಬೆರಳು ತೋರಿಸುವ ಮುದುಕಿಯಾಗಿ, ಗಂಡನ ಅಂಗಿ ತೊಟ್ಟು ಲಾರಿ ಡ್ರೈವರಾಗಿ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಾಗದದ ಬಾವುಟ. ರಬ್ಬರ್ ಕೊಳವೆಯನ್ನು ಮಾತ್ರ ಮರೆಮಾಡುತ್ತಿರಲಿಲ್ಲ. “ಅಕ್ಕಾರ, ಪೈಪು ಕಾಣ್ತೈತ್ರಿ” ಎಂದರೆ, “ಕಾಣ್ಲಿ. ನಿಂತಾಕೀನೂ ನಾನ, ತಗದಾಕೀನೂ ನಾನ. ಗೊತ್ತಾಗ್ಲಿ ಮಂದಿಗೆ” ಎನ್ನುತ್ತಿದ್ದರು.

ಒಂದು ವರ್ಷ ಭಾರತಮಾತೆಯೇ ಆದರು. ಸಂಡೂರು ರಸ್ತೆಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗುಡ್ಡದ ಮುಂದೆ. ಶಾಲೆಯೊಂದರಿಂದ ಕೇಳಿ ತಂದ ರಟ್ಟಿನ ಕಿರೀಟ, ದಿನಾ ಉಡುವ ಬಿಳಿ ಸೀರೆ, ಹಣೆಯ ತುಂಬ ವಿಭೂತಿ, ಬಳೆಯಿಲ್ಲದ ಕೈ, ಬರಿಗಾಲು. ಸೀರೆಯ ಅಂಚೆಲ್ಲ ಧೂಳಿಗೆ ಕೆಂಪಾಗಿತ್ತು. ಲಾರಿಯೊಂದು ನಿಂತು, ಡ್ರೈವರ್ ತಲೆ ಹೊರಗೆ ಹಾಕಿದ.

“ಯಾವ ನಾಟಕ ರೀ ಅಕ್ಕಾರ?”

“ನಂದ ಐತಪ್ಪ. ನೋಡ್ಕೊಂತ ಹೋಗು, ಧೂಳು ಎಬ್ಬಿಸಬ್ಯಾಡ ಅಷ್ಟ!” ಎಂದು ಅಕ್ಕ ಹೆಬ್ಬೆರಳು ಅದುಮಿದರು.

ಪ್ರಿಂಟ್ ಹಾಕಿದಾಗ ಅದನ್ನು ಬಹಳ ಹೊತ್ತು ಹಿಡಿದುಕೊಂಡು ಕೂತರು. “ಸಿಕ್ಳು ನೋಡು” ಎಂದರು. ಆಮೇಲೆ ನನಗೆ, “ಯಾರಿಗೂ ತೋರಿಸಬ್ಯಾಡ. ಎಲ್ಲಾ ಕೂಡ್ಸಿ ಒಂದಿನ ನಾನ ಗ್ವಾಡಿಗೆ ಹಾಕ್ತೀನಿ” ಎಂದು ಡಬ್ಬಿಯಲ್ಲಿಟ್ಟರು.

ಅಕ್ಕ ಮದುವೆಯೊಂದಕ್ಕೆ ಕಂಪ್ಲಿಗೆ ಹೋಗಿದ್ದ ದಿನ ಲಾರಿ ಮಾಲೀಕರೊಬ್ಬರು ಬಂದು, ಕ್ಯಾಲೆಂಡರಿಗೆ ಭಾರತಮಾತೆಯ ಚಿತ್ರ ಬೇಕು ಎಂದರು. ನನ್ನ ಬಾಯಿಗೆ ಬೀಗ ಇರಲಿಲ್ಲ. “ನಮ್ಮಲ್ಲೇ ಐತ್ರಿ” ಎಂದು ಡಬ್ಬಿ ತೆಗೆದು ತೋರಿಸಿಬಿಟ್ಟೆ. “ಕಳೆ ಭಾಳ ಐತಿ. ಆದ್ರ ಇಷ್ಟು ಕರ್ರಗಿದ್ರ ಹೆಂಗಮ್ಮ?” ಎಂದರು. ನನಗೆ ಅಷ್ಟೇ ಸಾಕಾಯಿತು. ಸಂಜೆಯೊಳಗೆ ಮುಖ ಬೆಳ್ಳಗೆ ಮಾಡಿದೆ. ವಿಭೂತಿ ಅಳಿಸಿ ಕುಂಕುಮವಿಟ್ಟೆ, ಕೈತುಂಬ ಬಳೆ ತೊಡಿಸಿದೆ, ಸೀರೆಯ ಧೂಳು ತೆಗೆದೆ, ಗುಡ್ಡದ ಜಾಗದಲ್ಲಿ ಹಿಮಾಲಯ ತಂದೆ. ಕೊನೆಗೆ ಕೊಳವೆ ಅಳಿಸಿ, ಪಾದಗಳನ್ನು ಹೂವಿನಲ್ಲಿ ಮುಚ್ಚಿದೆ. ಅಕ್ಕನಿಗೆ ಖುಷಿಯಾಗುತ್ತದೆ ಎಂದೇ ನಂಬಿದ್ದೆ. ಥೂ, ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಅಕ್ಕ ಅದನ್ನು ನೋಡಿದ್ದು ಕ್ಯಾಲೆಂಡರ್ ಅಚ್ಚಾಗಿ ಹಂಚಿದ ಮೇಲೆ, ತವರೂರು ಎಮ್ಮಿಗನೂರಿನಲ್ಲಿ, ತಮ್ಮನ ಮನೆಯ ಗೋಡೆಯ ಮೇಲೆ. ಕ್ಯಾಲೆಂಡರನ್ನು ಸುತ್ತಿಕೊಂಡು ಬಂದು ನನ್ನ ಟೇಬಲ್ ಮೇಲೆ ಬಿಚ್ಚಿದರು.

“ತಮ್ಮನ ಹೇಣ್ತಿ ಏನಂದ್ಲು ಗೊತ್ತೈತೇನು? ‘ಅಕ್ಕಾರ, ಈಕಿ ನಿಮ್ಮಂಗ ಅದಾಳ ನೋಡ್ರಿ, ಬಣ್ಣ ಅಷ್ಟ ಬ್ಯಾರೆ’ ಅಂದ್ಲು.”

ಸುರುಳಿಯಾಗುತ್ತಿದ್ದ ಅದರ ಮೂಲೆಯ ಮೇಲೆ ನಾನು ಮೌಸ್ ಇಟ್ಟೆ.

“ಕೆಲ್ಸ ಮಸ್ತ್ ಮಾಡೀದಿ. ಮಾಸ್ತರು ಕುಡುಗೋಲರ ಕೊಟ್ಟಿದ್ರು. ನೀ ನನ್ನ ಹೆಬ್ಬೆರಳೂ ಉಳಸ್ಲಿಲ್ಲಲ್ಲ ತಂಗಿ.”

ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ, ಕೆಲಸದಿಂದಲೂ ತೆಗೆಯಲಿಲ್ಲ. ಆ ನೆಗೆಟಿವ್ ತಂದು ನನ್ನ ಕೈಗಿಟ್ಟು, “ನೀನ ಇಟ್ಕೋ. ತಿದ್ದಬ್ಯಾಡ” ಎಂದರು. ಮತ್ತೆಂದೂ ತಮ್ಮ ಫೋಟೋ ತೆಗೆದುಕೊಳ್ಳಲಿಲ್ಲ. ರಬ್ಬರ್ ಉಂಡೆ ಮೊಳೆಗೆ ನೇತುಬಿದ್ದು ಬಿರುಕು ಬಿಟ್ಟಿತು. ಅದರ ಕೆಳಗೇ ಕೂತು ನಾನು ಇನ್ನೂ ಎಷ್ಟೋ ಮುಖಗಳನ್ನು ಬೆಳ್ಳಗೆ ಮಾಡಿದೆ.

ಗಣಿಗಳು ನಿಂತು ರಸ್ತೆ ಖಾಲಿಯಾದ ವರ್ಷ ಅಕ್ಕ ತವರಿನಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ಆ ನೆಗೆಟಿವ್‌ನಿಂದ, ಏನೂ ತಿದ್ದದೆ, ಒಂದು ದೊಡ್ಡ ಪ್ರಿಂಟ್ ಹಾಕಿಸಿ ಚೀಲದಲ್ಲಿಟ್ಟುಕೊಂಡು ಹೋದೆ. ಅಂಗಳದಲ್ಲಿ ಅಕ್ಕನನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ತಲೆಯ ಮೇಲ್ಗಡೆ ಗೋಡೆಗೆ ಹಾರ ಹಾಕಿದ ಚೌಕಟ್ಟು, ಅದರೊಳಗೆ ನಾನು ಮಾಡಿದ ಆ ಮುಖ. ಕ್ಯಾಲೆಂಡರಿನಿಂದ ಕತ್ತರಿಸಿದ್ದು.

“ಮಂದಿ ಫೋಟೋ ತಗದ್ಲು, ತನ್ನದೊಂದೂ ಇಡ್ಲಿಲ್ಲ” ಎಂದ ತಮ್ಮ. “ಇದ್ರಾಗ ಆಕಿ ಹೋಲಿಕಿ ಐತಂತ ಇದನ್ನ ಕಟ್ಟಿಸಿದ್ವಿ. ನಿಮ್ಮ ಕಡೆ ಬ್ಯಾರೆ ಯಾವ್ದರ ಐತೇನ್ರಿ?”

ಚೀಲದಿಂದ ಪ್ರಿಂಟ್ ತೆಗೆದುಕೊಟ್ಟರೆ, ಇದು ಗೋಡೆಯ ಮೇಲಿನ ಆ ಮುಖ ಹೇಗಾಯಿತು ಎಂದು ಹೇಳಬೇಕಿತ್ತು. ಅಷ್ಟು ಮಂದಿಯ ಮುಂದೆ.

“ಇಲ್ರಿ” ಎಂದೆ.

ಅಕ್ಕನ ಸೀರೆಯ ಅಂಚಿನಿಂದ ಆ ಚಪ್ಪಟೆ ಹೆಬ್ಬೆರಳು ಹೊರಗೆ ಬಂದಿತ್ತು. ತಮ್ಮನ ಹೆಂಡತಿ ಬಗ್ಗಿ, ಸೀರೆ ಎಳೆದು ಅದನ್ನು ಮುಚ್ಚಿದಳು. ನಾನು ಚೀಲದ ಬಾಯಿ ಮುಚ್ಚಿ ಹಿಡಿದೆ.