ಸೆಕ್ರೆಟ್ರಣ್ಣನ ಒಂದು ಪದ

ಅವರ ಅಂಗಿಗಳಿಗೆಲ್ಲ ಹೊಟ್ಟೆಯ ಹತ್ತಿರ ಸಣ್ಣ ಸಣ್ಣ ತೂತುಗಳಿದ್ದವು. ಒಗ್ಗರಣೆಯ ಸಾಸಿವೆ ಸಿಡಿದು ಸುಟ್ಟಂತೆ, ಅಂಚು ಕಂದಾಗಿ, ಒಳಗಿನ ಬನಿಯನ್ನಿನ ಬಿಳುಪು ಕಾಣುವಷ್ಟು ತೂತು. ಹಾಲಿನ ಜಿಡ್ಡು ಎಷ್ಟಿದೆ ಎಂದು ನೋಡಲು ಗಾಜಿನ ಕೊಳವೆಗೆ ಆಸಿಡ್ ಹಾಕುವಾಗ ಹಾರುತ್ತಿದ್ದ ಹನಿಗಳ ಗುರುತು ಅದು. ಪಾಂಡವಪುರ ತಾಲ್ಲೂಕಿನ ನಮ್ಮ ಊರಿನ ಹಾಲಿನ ಡೇರಿಗೆ ಅವರು ಸೆಕ್ರೆಟರಿ. ಊರಿಗೆಲ್ಲ ಸೆಕ್ರೆಟ್ರಣ್ಣ. ಒಂದು ಸಲ ಬಿಟ್ಟರೆ ಅವರ ಸ್ವಂತ ಹೆಸರು ರೇಷನ್ ಕಾರ್ಡಿನಿಂದ ಆಚೆ ಬಂದದ್ದನ್ನು ನಾನು ಕಾಣೆ.

ಅವರಿಗೆ ಇಂಗ್ಲಿಷ್ ಬರುತ್ತದೆ ಎಂಬ ಹೆಸರೂ ಇತ್ತು. ದನದ ಡಾಕ್ಟರು ಬಂದಾಗ ಅವರೊಡನೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡುತ್ತಿದ್ದವರು ಊರಿನಲ್ಲಿ ಇವರೊಬ್ಬರೇ. ಹಾಲು ಹಾಕುವ ಸಾಲಿನಲ್ಲಿ ಸದಾ ಮೊದಲು ನಿಲ್ಲುತ್ತಿದ್ದ ಒಬ್ಬ ಅಜ್ಜ ಅದನ್ನೇ ಹಿಡಿದು ಕಾಡುತ್ತಿದ್ದ. "ನಮ್ಮೆಮ್ಮೆ ಹಾಲಿಗೂ ಇಂಗ್ಲೀಸ್ ಬತ್ತದಾ ನೋಡ್ಲಾ, ಸೆಕ್ರೆಟ್ರಿ" ಎನ್ನುತ್ತಿದ್ದ. ಕಾಡಿದರೂ ಮೊಮ್ಮಗ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಫೇಲಾದಾಗ ಇವರ ಹತ್ತಿರವೇ ಕಳಿಸಿದ. ಹುಡುಗ ಪಾಸಾದ ಮೇಲೆ ಊರಿನ ಫೇಲಾದ ಮಕ್ಕಳೆಲ್ಲ ಡೇರಿಯ ಜಗಲಿಗೆ ಬರತೊಡಗಿದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಾಗೆ ಹೋದವಳು ನಾನು. ಇಂಗ್ಲಿಷಿನಲ್ಲಿ ಮೂವತ್ತೊಂದು ಬಂದಿತ್ತು. ಅಕ್ಟೋಬರಿನಲ್ಲಿ ಪಾಸಾದರೆ ಶ್ರೀರಂಗಪಟ್ಟಣದ ಕಾಲೇಜು, ಇಲ್ಲದಿದ್ದರೆ ಓದು ಅಲ್ಲಿಗೆ ಮುಗಿಯಿತು ಎಂದು ಅಪ್ಪ ಹೇಳಿದ್ದರು. ಅಪ್ಪ ಅದನ್ನು ಕೋಪದಿಂದ ಹೇಳಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಗಿತ್ತು.

ಬೆಳಗಿನ ಹಾಲು ವ್ಯಾನಿಗೆ ಏರಿ, ಕ್ಯಾನುಗಳನ್ನು ತೊಳೆದು ಬೋರಲು ಹಾಕಿದ ಮೇಲೆ ಪಾಠ. ಆ ವರ್ಷ ನಾನೊಬ್ಬಳೇ ಇದ್ದೆ. ಮೊದಲ ದಿನ ಅವರು ನಾನು ತಂದ ಗೈಡನ್ನು ಮುಚ್ಚಿ ಪಕ್ಕಕ್ಕಿಟ್ಟು, ರನ್ ಅಂದರೇನು ಎಂದು ಕೇಳಿದರು. ಓಡು ಎಂದೆ. ಆಮೇಲೆ ಎಂದರು. ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ, ಇದು ನಾನು ಮೂರು ವರ್ಷ ಕಂಠಪಾಠ ಮಾಡಿದ ಲೆಕ್ಕ. ಆ ಲೆಕ್ಕದಲ್ಲೇ ಮಾರ್ಚ್ ಪರೀಕ್ಷೆಯ ಅನುವಾದದಲ್ಲಿ, ಬಸ್ ಸ್ಟಾಂಡಿನ ಹತ್ತಿರ ಹೋಟೆಲು ನಡೆಸುತ್ತಿದ್ದ ಒಬ್ಬ ವಿಧವೆಯನ್ನು ಹೋಟೆಲಿನ ತನಕ ಓಡಿಸಿ ಬಂದಿದ್ದೆ. ಅದನ್ನು ಹೇಳಿದಾಗ ಅವರು ನಗಲಿಲ್ಲ. ತಮ್ಮ ಕತೆ ಹೇಳಿದರು.

"ನಮ್ ಕರುಗೆ ಕಾಯ್ಲೆಯಾಗಿತ್ತು. ಡಾಕ್ಟ್ರು ಚೀಟೀಲಿ ನೋಸ್ ರನ್ನಿಂಗ್ ಅಂತ ಬರದ್ರು. ಕರ ಕೊಟ್ಗೇಲೇ ಮಲಗ್ಯದೆ, ಮೂಗು ಎಲ್ಲಿಗೆ ಓಡೋಯ್ತು ಅಂತ ನಂಗೆ ಯೋಚ್ನೆ. ಅವತ್ತಿಂದ ಈ ಪದದ ಹಿಂದೆ ಬಿದ್ದೆ ಕಣವ್ವ."

ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಆ ಒಂದು ಪದವನ್ನು ಅವರು ವರ್ಷಗಟ್ಟಲೆ ಬರೆದಿಟ್ಟಿದ್ದರು. ಪ್ರತಿಯೊಂದು ಅರ್ಥದ ಮುಂದೆ ಅದು ಸಿಕ್ಕ ಜಾಗ. ನಾಲೆಯ ನೀರು, ಪಂಪ್‌ಸೆಟ್ಟು, ಕೆ.ಆರ್. ಪೇಟೆಯ ಬಸ್ಸು, ರೇಡಿಯೋದ ಕ್ರಿಕೆಟ್ಟು, ಒಗೆದಾಗ ಬಣ್ಣ ಬಿಟ್ಟ ಹೆಂಡತಿಯ ಸೀರೆ, ಕೊನೆಗೆ ಅವರು ನಡೆಸುತ್ತಿದ್ದ ಡೇರಿ. ಶ್ರೀರಂಗಪಟ್ಟಣದಲ್ಲಿ ಯಾರೋ ಪ್ರವಾಸಿಗರು ಬಿಸಾಡಿದ್ದ ಕಾಗದದಲ್ಲಿ ಕೋಟೆಯ ಗೋಡೆ ಹೊಳೆಯ ಉದ್ದಕ್ಕೂ ಓಡುತ್ತದೆ ಎಂದಿತ್ತಂತೆ. ಅಲ್ಲಾಡದ ಗೋಡೆಯನ್ನೂ ಓಡಿಸುವ ಭಾಷೆ ಇದು ಎಂದು ಅವರಿಗೆ ಆಶ್ಚರ್ಯ. ಒಂದು ವಾರ ನಾವು ಆ ಹಾಳೆಗಳನ್ನು ಬಿಟ್ಟು ಬೇರೇನೂ ಓದಲಿಲ್ಲ. ಪರೀಕ್ಷೆಗೆ ಇದರಿಂದ ಏನು ಪ್ರಯೋಜನ ಎಂದು ನನಗೆ ಒಳಗೊಳಗೇ ಅಳುಕಿತ್ತು. ಕೇಳುವ ಧೈರ್ಯ ನನ್ನ ಸ್ವಭಾವದಲ್ಲಿರಲಿಲ್ಲ. ಅವರಿಗೇ ಗೊತ್ತಾಗಿರಬೇಕು.

"ಪದಾನ ಒಂಟಿಯಾಗಿ ಕೂರಿಸ್ಕೊಂಡು ನೀನ್ಯಾರು ಅಂತ ಕೇಳ್ಬ್ಯಾಡ ಮಗ" ಎಂದರು. "ಅದು ಬಾಯಿ ಬುಡಲ್ಲ. ಯಾರ್ ಜೊತೆ ನಿಂತದೆ, ಅದ ನೋಡು."

ಆಗಸ್ಟಿನ ಒಂದು ಬೆಳಿಗ್ಗೆ ಅವರು ಪಾಠ ಶುರುಮಾಡದೆ ಹಾಲಿಗೆ ನೀರು ಬೆರೆತದ್ದನ್ನು ತೋರಿಸುವ ಲ್ಯಾಕ್ಟೋಮೀಟರನ್ನು ಒರೆಸುತ್ತಾ ಕುಳಿತರು. ಆಮೇಲೆ ಒಂದು ಅರ್ಜಿಯನ್ನು ನನ್ನ ಮುಂದಿಟ್ಟು ತುಂಬಿಕೊಡಲು ಹೇಳಿದರು. ಅದು ನನ್ನ ಅರ್ಜಿಯಂಥದ್ದೇ, ಅಕ್ಟೋಬರ್ ಪರೀಕ್ಷೆಯದು. ಹೆಸರಿನ ಜಾಗದಲ್ಲಿ ಬರೆಯಲು ಅವರು ಹೇಳಿದ್ದು ಅವರ ಸ್ವಂತ ಹೆಸರು. ಹದಿನೈದು ವರ್ಷದ ಹಿಂದೆ ಅವರು ಇಂಗ್ಲಿಷಿನಲ್ಲೇ ಫೇಲಾಗಿದ್ದರು, ಎರಡು ಸಲ. ಡೇರಿ ಶುರುವಾದಾಗ ಓದು ಬರಹ ಬಂದರೆ ಸಾಕಿತ್ತು, ಯಾರೂ ಮಾರ್ಕ್ಸ್ ಕಾರ್ಡು ಕೇಳಿರಲಿಲ್ಲ. ಈಗ ಮೇಲಿನಿಂದ ಕಾಗದ ಬಂದಿತ್ತು. ವರ್ಷ ಮುಗಿಯುವುದರೊಳಗೆ ಎಸ್ಸೆಸ್ಸೆಲ್ಸಿ ಪಾಸಾದ ಕಾಗದ ತೋರಿಸದ ಸೆಕ್ರೆಟರಿಗಳು ಜಾಗ ಬಿಡಬೇಕು. ಜಾಗ ಹೋಗುವುದಕ್ಕಿಂತ, ಊರಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು ಇಂಗ್ಲಿಷಿನಲ್ಲೇ ಫೇಲಾದವನು ಎಂದು ಗೊತ್ತಾಗುವುದೇ ಅವರನ್ನು ತಿನ್ನುತ್ತಿತ್ತು.

"ನೀನು ಯಾರ್ ತಾವೂ ಮಾತಾಡೋಳಲ್ಲ. ಅದ್ಕೇ ನಿಂಗೊಬ್ಳಿಗೆ ಹೇಳ್ತಾವ್ನಿ" ಎಂದರು.

ನಾನು ಮಾತಾಡುವುದಿಲ್ಲ ಎಂಬುದನ್ನು ಅಲ್ಲಿಯವರೆಗೆ ಎಲ್ಲರೂ ಕೊರತೆಯಾಗಿಯೇ ಹೇಳಿದ್ದರು.

ಅಂದಿನಿಂದ ಪಾಠ ಎರಡು ಕಡೆಯಿಂದ ನಡೆಯಿತು. ಅವರಿಗೆ ಇಂಗ್ಲಿಷ್ ಕಿವಿ ಕಣ್ಣುಗಳಿಂದ ಬಂದದ್ದು. ಅಂಚೆ ಚೀಟಿಯಷ್ಟು ಕಾಗದದಲ್ಲಿದ್ದರೂ ಓದಿ ಅರ್ಥ ಹೇಳುತ್ತಿದ್ದರು, ಬರೆಯಹೊರಟರೆ ಒಂದು ಸಾಲಿನಲ್ಲಿ ನಾಲ್ಕು ತಪ್ಪು. ನನ್ನದು ತದ್ವಿರುದ್ಧ, ಅಕ್ಷರ ಮುತ್ತಿನಂತೆ, ಅರ್ಥ ಶೂನ್ಯ. ರಜಾ ಚೀಟಿ ಬರೆಯುವುದನ್ನು ನಾನು ಹೇಳಿಕೊಟ್ಟೆ. ಹೆಡ್‌ಮಾಸ್ಟರಿಗೆ ಜ್ವರದ ಕಾರಣ ಎರಡು ದಿನ ರಜೆ ಕೇಳುವ ಆ ಕಾಗದವನ್ನು ಇಬ್ಬರು ಮಕ್ಕಳ ತಂದೆ ಹನ್ನೆರಡು ಸಲ ಬರೆದರು. ಹದಿಮೂರನೆಯದರಲ್ಲಿ ತಪ್ಪಿರಲಿಲ್ಲ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಪರೀಕ್ಷೆಯ ದಿನ ಮಂಡ್ಯದಲ್ಲಿ ಮೀಟಿಂಗಿದೆ ಎಂದು ಊರಿಗೆ ಹೇಳಿ, ಹೆಂಡತಿಗೆ ಹಾಲು ಅಳೆಯಲು ಬಿಟ್ಟು ಅವರು ಪಾಂಡವಪುರಕ್ಕೆ ಬಂದರು. ಪರೀಕ್ಷೆಯ ಕೊಠಡಿಯಲ್ಲಿ ನನಗಿಂತ ಮೂರು ಬೆಂಚು ಮುಂದೆ ಕೂತಿದ್ದವರನ್ನು ನಾನು ಮೊದಲು ಗುರುತಿಸಲೇ ಇಲ್ಲ. ತೂತಿಲ್ಲದ, ಮಡಿಕೆ ಬಿದ್ದ ಗೆರೆಯೂ ಮಾಸದ ತಿಳಿನೀಲಿ ಅಂಗಿ. ಉಸ್ತುವಾರಿಗೆ ಬಂದಿದ್ದ ಮೇಷ್ಟರು ಪೋಷಕರೆಲ್ಲ ಆಚೆ ನಡೆಯಿರಿ ಎಂದರು. ಅವರು ಎದ್ದು ನಿಂತು ಹಾಲ್ ಟಿಕೆಟ್ ತೋರಿಸಿದರು. ಹಿಂದಿನ ಹುಡುಗರು ನಕ್ಕರು. ಮೇಷ್ಟರು ಹಾಲ್ ಟಿಕೆಟ್ ನೋಡಿ, ಅವರ ಮುಖ ನೋಡಿ, "ಕೂತ್ಕೊಳಿ ಸಾರ್" ಎಂದರು. ಆ "ಸಾರ್"ಗಾಗಿ ನಾನು ಆ ಮೇಷ್ಟರನ್ನು ಇಂದಿಗೂ ನೆನೆಯುತ್ತೇನೆ.

ಪ್ರಶ್ನೆಪತ್ರಿಕೆಯಲ್ಲಿ ರನ್ ಎಂಬ ಪದ ಒಂದು ಸಲವೂ ಇರಲಿಲ್ಲ. ಆದರೆ ಕೆಪ್ಟ್ ಇತ್ತು, ಅದರ ಪಕ್ಕದಲ್ಲಿ ಜೇನುಹುಳುಗಳಿದ್ದವು. ಹಳೆಯ ನಾನಾಗಿದ್ದರೆ ಮುದುಕ ಜೇನುಹುಳುಗಳನ್ನು ಇಟ್ಟ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಯಾರ ಜೊತೆ ನಿಂತಿದೆ ಎಂದು ನೋಡಿದೆ. ಸಾಕಿದ ಎಂದು ಬರೆದೆ. ಮೂರು ಬೆಂಚು ಮುಂದೆ ನೀಲಿ ಅಂಗಿ ಬಗ್ಗಿ ಬರೆಯುತ್ತಲೇ ಇತ್ತು.

ಫಲಿತಾಂಶ ಬಂದ ದಿನ ಅವರು ಡೇರಿ ಬಿಟ್ಟು ಬರುವಂತಿರಲಿಲ್ಲ. ನಾನು ಅಪ್ಪನ ಜೊತೆ ಹೋದೆ. ಶಾಲೆಯ ಗೋಡೆಗೆ ಪಾಸಾದವರ ನಂಬರುಗಳನ್ನು ಅಂಟಿಸಿದ್ದರು. ನನ್ನದು ಬೇಗ ಸಿಕ್ಕಿತು. ಅಪ್ಪ ನಡಿ ಬಸ್ಸು ಹೋಗುತ್ತದೆ ಎಂದರು. ನಾನು ಕದಲಲಿಲ್ಲ. ಖಾಸಗಿಯಾಗಿ ಕಟ್ಟಿದವರ ನಂಬರುಗಳು ಬೇರೆ ಹಾಳೆಯಲ್ಲಿದ್ದವು, ಆ ಹಾಳೆಯ ಕೆಳತುದಿ ಗಾಳಿಗೆ ಮಡಿಸಿಕೊಂಡಿತ್ತು. ಬಿಡಿಸಿ ಹಿಡಿದು ನೋಡಿದೆ. ಕೊನೆಯಿಂದ ಎರಡನೆಯದು ಅವರದು. ಸಿಕ್ಕಿತಲ್ಲ, ಇನ್ನೇನು ನೋಡುತ್ತೀಯೆ ಎಂದು ಅಪ್ಪ ಮತ್ತೆ ಕೇಳಿದರು. ಆ ನಂಬರಿನ ಮೇಲೆ ಇನ್ನೊಮ್ಮೆ ಬೆರಳಿಟ್ಟು ನೋಡಿ, ಬಸ್ಸಿಗೆ ಓಡಿದೆ.

ಊರಿಗೆ ಬರುವ ಹೊತ್ತಿಗೆ ಸಂಜೆಯ ಹಾಲಿನ ಸಾಲು ನಿಂತಿತ್ತು. ಅವ್ವನ ಕೈಯಿಂದ ಹಾಲಿನ ಕ್ಯಾನು ಕಿತ್ತುಕೊಂಡು ನಾನೇ ಹೋದೆ. ಅವರು ಅಜ್ಜನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟಿದ್ದರು. ನನ್ನನ್ನು ಕಂಡು, ಯಾವ ಮೇಷ್ಟರಾದರೂ ಕೇಳುವಂತೆ, ಏನಾಯಿತು ಮಗ ಎಂದು ಕೇಳಿದರು. ಗಾಜಿನ ಕಡ್ಡಿ ಪಾತ್ರೆಯ ಅಂಚಿಗೆ ಬಡಿದು ಟಿಕಟಿಕ ಎನ್ನುತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅಂದುಕೊಂಡು ಬಂದದ್ದು "ಪಾಸಾಯ್ತು" ಎಂಬ ಒಂದೇ ಮಾತು. ಬಾಯಿಂದ ಬಂದದ್ದು ಬೇರೆ.

"ಆಯ್ತು ಸೆಕ್ರೆಟ್ರಣ್ಣ. ಇಬ್ರುದೂ ಆಯ್ತು."

ಅಜ್ಜ ತಿರುಗಿದ. "ಇಬ್ರು ಅಂದ್ರೆ? ಇನ್ನೊಬ್ರು ಯಾರವ್ವ?"

ನೆಂಟರ ಹುಡುಗಿ, ಗೆಳತಿ, ಯಾರನ್ನಾದರೂ ಹೇಳಬಹುದಿತ್ತು. ಊರಿನಲ್ಲಿ ಬಾಯಿ ಬಿಡದವಳು ಎಂದು ಹೆಸರಾದ ನಾನು, ಬಿಟ್ಟ ಒಂದೇ ಬಾಯಲ್ಲಿ ಅವರನ್ನು ಬಯಲಿಗೆ ತಂದಿದ್ದೆ. ಅವರು ಲ್ಯಾಕ್ಟೋಮೀಟರನ್ನು ಪಕ್ಕಕ್ಕಿಟ್ಟು, ಟವೆಲಿಗೆ ಕೈ ಒರೆಸಿಕೊಂಡರು.

"ನಾನೇ ಕಣಜ್ಜ. ಹದಿನೈದ್ ವರ್ಷದಿಂದ ಫೇಲಾಗಿದ್ದೆ. ಇವತ್ತು ಪಾಸಾದೆ."

ಅಜ್ಜ ಅವರನ್ನೇ ನೋಡಿದ. "ಅಂಗಾರೆ ನಮ್ ಮೊಮ್ಮಗಂಗೆ ಇಂಗ್ಲೀಸ್ ಹೇಳ್ಕೊಟ್ಟಿದ್ದು ಫೇಲಾದೋನಾ?"

"ಊಂ."

"ಅವ ಪಾಸಾದ್ನಲ್ಲ?"

"ಪಾಸಾದ."

ಅಜ್ಜ ತನ್ನ ಪಾತ್ರೆಯನ್ನು ಮುಂದಕ್ಕೆ ತಳ್ಳಿದ. "ಸರಿ ಬುಡು. ಹಾಲು ಅಳಿ, ಮನೇಲಿ ಎಮ್ಮೆಗೆ ಹುಲ್ಲಾಕ್ಬೇಕು."

ಅಷ್ಟೇ. ಸಾಲು ಮುಂದೆ ಸರಿಯಿತು. ಸೆಕ್ರೆಟ್ರಣ್ಣ ಬೋರಲು ಹಾಕಿದ್ದ ಒಂದು ಕ್ಯಾನಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದೆ. ತಮ್ಮ ಹಾಲನ್ನು ಆ ಸಂಜೆ ಕೆಲವರು ತಾವೇ ಅಳೆದುಕೊಂಡರು.

ಆಮೇಲೆ ನಾನು ಶ್ರೀರಂಗಪಟ್ಟಣದಲ್ಲಿ ಓದಿ, ಮೈಸೂರಿನಲ್ಲಿ ಎಂ.ಎ.ಗೆ ಸೇರಿದೆ. ಅಲ್ಲಿನ ಲೈಬ್ರರಿಯ ದೊಡ್ಡ ನಿಘಂಟಿನಲ್ಲಿ ನಾನು ಮೊದಲು ತೆಗೆದು ನೋಡಿದ್ದು ಒಂದೇ ಪದ. ಪುಟ ತಿರುವಿದಷ್ಟೂ ಮುಗಿಯಲಿಲ್ಲ. ಆ ಪುಟಗಳನ್ನೆಲ್ಲ ಜೆರಾಕ್ಸ್ ಮಾಡಿಸಿ ಕಳೆದ ಸಲ ಊರಿಗೆ ಹೋದಾಗ ಡೇರಿಗೆ ಒಯ್ದೆ. ಅವರ ಮೈಮೇಲೆ ಪರೀಕ್ಷೆಯ ತಿಳಿನೀಲಿ ಅಂಗಿಯಿತ್ತು. ಹೊಟ್ಟೆಯ ಹತ್ತಿರ ಅದಕ್ಕೂ ನಾಲ್ಕೈದು ತೂತು ಬಿದ್ದಿದ್ದವು. ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಸಾಲುಸಾಲಿಗೂ ಬೆರಳಿಟ್ಟು ಕೆಳಗಿಳಿದರು. ಎರಡನೆಯ ಹಾಳೆಯಲ್ಲಿ, ನೋಸ್ ಎಂದಿದ್ದ ಸಾಲಿನಲ್ಲಿ ಬೆರಳು ನಿಂತಿತು.

"ನೋಡು ಮಗ" ಎಂದರು. "ನಮ್ ಕರ ಇಲ್ಲೇ ಅದೆ."