ಗಂಗವ್ವನ ಸೊಂಟದ ಬಲ

ಝುಂಯ್ ಅಂದಿತು. ಗಂಗವ್ವ ಮಂಚದ ಕಡೆ ಬಗ್ಗಿದಾಗಲೆಲ್ಲ ಅವಳ ಸೊಂಟದಿಂದ ಏಳುವ ಸದ್ದು ಅದು.

“ಬಂತ ನೋಡು ನಮ್ಮನೀ ಕ್ರೇನು,” ಎಂದು ಗಂಡ ಇರಣ್ಣ ಎರಡೂ ಕೈ ಚಾಚಿದ.

ಅಮೆರಿಕದ ಹ್ಯೂಸ್ಟನ್ ಬಳಿಯ ಸೈಪ್ರೆಸ್‌ನಲ್ಲಿ ಇಬ್ಬರೂ ಕಿರಾಣಿ ಅಂಗಡಿ ನಡೆಸಿದ ಇಪ್ಪತ್ತೆರಡು ವರ್ಷವೂ ಅಕ್ಕಿಯ ಚೀಲ ಹೊತ್ತವಳು ಗಂಗವ್ವನೇ. ಗಿರಾಕಿಗಳ ಕಾರಿನ ತನಕ ಹೊತ್ತು, ಮೇಲೊಂದು ಹಿಡಿ ಕರಿಬೇವು ಇಟ್ಟು ಬರುತ್ತಿದ್ದಳು. ಅರವತ್ತಾರಕ್ಕೆ ಬೆನ್ನು ಸೋತಿತು. ಅದೇ ವರ್ಷ ಇರಣ್ಣನ ಎಡಗಾಲಿಗೆ ಲಕ್ವ ಹೊಡೆಯಿತು. ಆರೈಕೆಗೆ ಯಾರನ್ನಾದರೂ ಇಡೋಣವೆಂದರೆ, “ನನ್ನ ಗಂಡ ಅಕ್ಕೀ ಚೀಲಕ್ಕಿಂತ ಭಾರೇನಿಲ್ಲ” ಎಂದು ಹಟ ಹಿಡಿದಳು. ಕೊನೆಗೆ ಮಗಳು ಮಧುಶ್ರೀ ಈ ಯಂತ್ರ ತಂದುಕೊಟ್ಟಳು. ಸೊಂಟದ ಎರಡೂ ಬದಿಗೆ ಪುಟ್ಟ ಮೋಟಾರು, ತೊಡೆಗೆ ಬಿಗಿಯುವ ಪಟ್ಟಿ. ಎತ್ತುವಾಗ ಅರ್ಧ ಭಾರ ಅದೇ ಹೊರುತ್ತಿತ್ತು. ಸೀರೆಯ ಮೇಲೆ ಪಟ್ಟಿ ಕೂರದೆ, ಗಂಗವ್ವ ಜೀವನದಲ್ಲೇ ಮೊದಲ ಸಲ ಪ್ಯಾಂಟು ತೊಟ್ಟಳು.

ಎರಡು ತಿಂಗಳು ಎಲ್ಲ ಹಗುರ. ಆಮೇಲೊಂದು ದಿನ, ಮನೆಗೆ ಬರುವ ಫಿಸಿಯೋ ಅನುಸೂಯಾ ಇರಣ್ಣನ ಮೊಣಕಾಲು ಒತ್ತಿ ನೋಡಿದಳು.

“ಆಂಟಿ, ಕಾಲು ಮೊದಲಿಗಿಂತ ಸೋತಿದೆ. ಹೀಗೇ ಬಿಟ್ರೆ ಅಂಕಲ್ ಮತ್ತೆ ನಿಲ್ಲೋದು ಕಷ್ಟ.”

ಗಂಗವ್ವನಿಗೆ ಹೊಳೆಯಿತು. ಯಂತ್ರ ಬರುವ ಮೊದಲು, ಇವಳ ಬೆನ್ನು ನೊಂದೀತೆಂದು ಇರಣ್ಣ ಹಲ್ಲು ಕಚ್ಚಿ ಎಡಗಾಲನ್ನು ನೆಲಕ್ಕೊತ್ತಿ ತನ್ನನ್ನು ತಾನೇ ಹಗುರ ಮಾಡಿಕೊಳ್ಳುತ್ತಿದ್ದ. ಈಗ ಮೋಟಾರಿನ ಸದ್ದು ಕೇಳಿದರೆ ಸಾಕು, ಮೈ ಪೂರ್ತಿ ಬಿಟ್ಟುಬಿಡುತ್ತಿದ್ದ.

ಮರುದಿನ ಅವಳು ಗುಂಡಿ ಒತ್ತಿ ಯಂತ್ರದ ಬಲವನ್ನು ತೀರಾ ಕೆಳಕ್ಕಿಳಿಸಿದಳು. ಇರಣ್ಣ ಮಂಚದಿಂದ ಗೇಣೂ ಏಳಲಿಲ್ಲ.

“ಚಾರ್ಜ್ ಹಾಕಿಲ್ಲೇನು?”

“ಹಾಕೇನ್ರಿ. ನೀವ ಚಾರ್ಜ್ ಆಗಿಲ್ಲ.”

“ನಿನ್ನ ಬೆನ್ನು ಹಿಡಕೊಂಡೀತು ಗಂಗಾ!”

“ಹಂಗಂದ್ರ ಕಾಲು ಊರ್ರಿ.”

ಬೈಯುತ್ತಲೇ ಊರಿದ. ಮರುದಿನವೂ ಬೈದ, ಊರಿದ.

ಆರು ವಾರ ಕಳೆದ ಮೇಲೆ ಒಂದು ಭಾನುವಾರ ಇರಣ್ಣ ಊಟದ ಮೇಜು ಹಿಡಿದು ನಿಂತ. ಹಿಂದೆ ಕುರ್ಚಿಯಿತ್ತು, ಪಕ್ಕದಲ್ಲಿ ಗಂಗವ್ವ. ಮೆಲ್ಲಗೆ ಮೇಜಿನಿಂದ ಕೈ ತೆಗೆದ. ಗಂಗವ್ವ ಅವನ ಮುಖ ನೋಡಲಿಲ್ಲ, ಮೊಣಕಾಲು ನೋಡಿದಳು. ನಡುಗಿತು, ಮಡಚಲಿಲ್ಲ.

“ನೋಡಿದ್ಯಾ? ಸಣ್ಣಾವಿದ್ದಾಗ ಇದ ಕಾಲೀಲೆ ಗದಗಿನ ಗರಡ್ಯಾಗ ಒಬ್ಬ ಪೈಲ್ವಾನನ್ನ...”

ಈ ಕುಸ್ತಿಯ ಕತೆ ಮುಗಿಯಲು ಹತ್ತು ನಿಮಿಷ ಬೇಕೆಂದು ಗಂಗವ್ವನಿಗೆ ಗೊತ್ತು. ತೊಡೆಯ ಪಟ್ಟಿ ಸಡಿಲಿಸಿದಳು.

“ಎದುರಿಗೆ ನಿಂತಾವ ಯಾರಂತಿ...”

“ಹೇಳ್ರಿ, ಹೇಳ್ರಿ,” ಎನ್ನುತ್ತಾ ಅವನನ್ನು ಹಾಗೇ ನಿಲ್ಲಿಸಿ, ಚಹಕ್ಕೆ ಹಾಲು ಕಾಯಿಸಲು ಅಡುಗೆಮನೆಗೆ ನಡೆದಳು.